ಕಡಲೆಕಾಯಿ ಪರಿಷೆ: ವಿಕಲಚೇತನರಿಗೂ ದಾರಿ ಇರಲಿ

ಬೆಂಗಳೂರಿನ ಬಸವನಗುಡಿಯಲ್ಲಿ ಪ್ರತಿವರ್ಷ ಕಾರ್ತಿಕ ಮಾಸದ ಕಡೇ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವುದು ರೈತ ಬಾಂಧವರಿಗೆಲ್ಲ ತಿಳಿದ ವಿಷಯ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ಮುಂತಾದ ಹಳ್ಳಿಗಳ ರೈತರು, ಹೊಲ ಮೇಯುತ್ತಿದ್ದ ಬಸವನಿಗೆ ಮೊದಲ ಬೆಳೆಯನ್ನು ಅರ್ಪಿಸಲು ಆರಂಭಿಸಿದರೆಂದು ಪ್ರತೀತಿ. ಆ ಹಳ್ಳಿಗಳು ಈಗ ನಗರದ ಬಡಾವಣೆಗಳಾಗಿವೆ. ಆದರೂ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಾಗಡಿ ಕಡೆಯ ರೈತರು ಇಂದಿಗೂ ಮೂಟೆಗಳೊಡನೆ ಬರುತ್ತಾರೆ.

ಈ ಪರಿಷೆಯಿಂದ ಇಬ್ಬರು ಹೊರಗುಳಿಯುತ್ತಾರೆ. ಒಬ್ಬರು, ದಾರಿಯಿಲ್ಲದೆ ರಸ್ತೆಯ ತುದಿಯಿಂದಲೇ ಹಿಂದಿರುಗುವ ಗಿರಾಕಿ. ಇನ್ನೊಬ್ಬರು ನಮ್ಮ ಮನೆಯವರೇ. ಕಾಯಿ ಬಿಡಿಸಿ, ಜೊಳ್ಳು ಆರಿಸಿ, ಒಣಗಿಸಿ ಮೂಟೆ ತುಂಬುವವರೆಗೆ ದುಡಿದ ವಿಕಲಚೇತನ ಮಗನನ್ನೋ ತಂಗಿಯನ್ನೋ, ಲಾರಿ ಹೊರಡುವಾಗ “ಆ ನೂಕುನುಗ್ಗಲಲ್ಲಿ ನಿನಗೇಕೆ?” ಎಂದು ಬಿಟ್ಟುಹೋಗುತ್ತೇವೆ. ದುಡಿಮೆಯಲ್ಲಿ ಅವರ ಪಾಲಿದೆ, ಮಾರಾಟದಲ್ಲಿಲ್ಲ. ಇದನ್ನು ಸರಿಪಡಿಸಲು ಹೆಚ್ಚಿನ ಖರ್ಚು ಬೇಕಿಲ್ಲ.

ಗಿರಾಕಿಗೆ ಅನುಕೂಲ

1. ಗಾಲಿಕುರ್ಚಿ ಸರಾಗವಾಗಿ ಸಾಗಲು ಕನಿಷ್ಠ 90 ಸೆಂ.ಮೀ. ಅಗಲದ ದಾರಿ ಬೇಕು. ಅಕ್ಕಪಕ್ಕದ ಅಂಗಡಿಯವರು ಮಾತಾಡಿಕೊಂಡು ರಾಶಿಗಳನ್ನು ಒಂದೇ ಸಾಲಿಗೆ ಹಾಕುವುದು. ಖಾಲಿ ಚೀಲಗಳನ್ನು ದಾರಿಯಲ್ಲಿ ಬಿಡಬಾರದು.

2. ನೆರಳಿಗೆ ಕಟ್ಟುವ ಟಾರ್ಪಾಲಿನ ಹಗ್ಗ ಕುತ್ತಿಗೆಯ ಎತ್ತರಕ್ಕೆ ಬರಬಾರದು. ಅಂಧರ ಕೈಯಲ್ಲಿರುವ ಕೋಲು ನೆಲದ ಅಡಚಣೆಯನ್ನು ತಿಳಿಸುತ್ತದೆಯೇ ಹೊರತು ಮೇಲಿನ ಹಗ್ಗವನ್ನಲ್ಲ.

3. ಮೆಟ್ಟಿಲಿಗೆ ಹಲಗೆ ಇಡುವುದಾದರೆ ಪ್ರತಿ 1 ಅಡಿ ಎತ್ತರಕ್ಕೆ 12 ಅಡಿ ಉದ್ದವಿರಬೇಕು. ಅರ್ಧ ಅಡಿಯ ಮೆಟ್ಟಿಲಿಗೆ 6 ಅಡಿ ಹಲಗೆ ಸಾಕು. ಇದಕ್ಕಿಂತ ಕಡಿದಾದರೆ ಕುರ್ಚಿ ಹಿಂದಕ್ಕೆ ಜಾರುವ ಅಪಾಯವುಂಟು.

4. ಸೇರಿನ ಬೆಲೆಯನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ. ಕಿವಿ ಕೇಳದವರು ಯಾರನ್ನೂ ಕೇಳದೆ ಕೊಳ್ಳಬಹುದು.

ಕೋಲು ಹಿಡಿದ ವೃದ್ಧರಿಗೂ ಕೂಸನ್ನೆತ್ತಿಕೊಂಡ ತಾಯಂದಿರಿಗೂ ಇದೇ ದಾರಿ ಅನುಕೂಲ. ಗಿರಾಕಿ ನಿಂತು ನೋಡುವ ಅಂಗಡಿಯಲ್ಲಿ ವ್ಯಾಪಾರವೂ ಹೆಚ್ಚುವುದು.

ಮಾರುವವರಿಗೆ ಅನುಕೂಲ

ನೆಲದ ಮೇಲೆ ಕೂರಲಾಗದವರಿಗೆ ಎತ್ತರದ ಮಣೆ ಅಥವಾ ಕುರ್ಚಿ ಹಾಕಿ, ಕಾಯನ್ನು ಕೈಗೆಟಕುವಂತೆ ಮೇಜಿನ ಮೇಲಿಡಬೇಕು. ಮೂಟೆ ಎತ್ತುವ ಕೆಲಸ ಇತರರದಾಗಲಿ, ಅಳೆಯುವುದು ಮತ್ತು ಹಣ ಪಡೆಯುವುದು ಅವರದಾಗಲಿ. ದೃಷ್ಟಿಯಿಲ್ಲದವರು ಹೊಸ ನೋಟುಗಳನ್ನು ಅಂಚಿನ ಉಬ್ಬುಗೆರೆಗಳಿಂದ ಗುರುತಿಸಬಹುದು: 100 ರೂಪಾಯಿಗೆ 4 ಗೆರೆ, 200ಕ್ಕೆ 4 ಗೆರೆಗಳ ನಡುವೆ 2 ವೃತ್ತ, 500ಕ್ಕೆ 5 ಗೆರೆ. ಫೋನಿನಿಂದ ಹಣ ಪಡೆಯುವುದಾದರೆ, ಜಮೆಯಾದ ಮೊತ್ತವನ್ನು ಕೂಗಿ ಹೇಳುವ ಪೆಟ್ಟಿಗೆಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಕಾನೂನಿನ ನೆರವು

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016, 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇಕಡ 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯವುಳ್ಳವರಿಗೆ, ಸರ್ಕಾರದ ಕೃಷಿ ಭೂಮಿ ಹಂಚಿಕೆ ಯೋಜನೆಗಳಲ್ಲಿಯೂ ಬಡತನ ನಿವಾರಣಾ ಯೋಜನೆಗಳಲ್ಲಿಯೂ ಶೇಕಡ 5ರಷ್ಟು ಮೀಸಲಾತಿಯನ್ನು ಇದು ವಿಧಿಸಿದೆ. ಮಹಿಳೆಯರಿಗೆ ಆದ್ಯತೆಯುಂಟು. ಇದಕ್ಕೆ ಬೇಕಾದ ವಿಶಿಷ್ಟ ಗುರುತಿನ ಚೀಟಿಯ ವಿವರಗಳಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಬಹುದು.

ಮುಂದಿನ ಕಾರ್ತಿಕಕ್ಕೆ ಮೂಟೆ ಏರಿಸುವಾಗ ಒಂದು ಹಲಗೆಯನ್ನೂ ಒಂದು ಕುರ್ಚಿಯನ್ನೂ ಜೊತೆಗೆ ಏರಿಸಿ. ಮನೆಯಲ್ಲಿ ಉಳಿಯುತ್ತಿದ್ದವರನ್ನೂ ಕರೆದುಕೊಂಡು ಬನ್ನಿ.