ಎಕರೆ ಆಕಾಶಕ್ಕೆ 333 ರೂಪಾಯಿ

ಬಸವಕಲ್ಯಾಣದ ಸೀಮೆಯಲ್ಲಿ ಒಂದೆಕರೆ ತೊಗರಿ ಹೊಲಕ್ಕೆ ಏನು ರೇಟು ಎಂದು ಕೇಳಿದರೆ ದಲ್ಲಾಳಿ ಮೊದಲು ನಿಮ್ಮ ಮುಖ ನೋಡುತ್ತಾನೆ, ಆಮೇಲೆ ಲೆಕ್ಕ ಹೇಳುತ್ತಾನೆ. ಆ ಹೊಲದ ಮೇಲಿನ ಆಕಾಶದ ರೇಟಿನಲ್ಲಿ ಅಂಥ ಗುಟ್ಟೇನೂ ಇಲ್ಲ. ಅದು 2010ರ ಮೇ 19ರಂದು ಗೊತ್ತಾಯಿತು: ಎಕರೆಗೆ 333 ರೂಪಾಯಿ, ಅದೂ ಇಪ್ಪತ್ತು ವರ್ಷಕ್ಕೆ. ವರ್ಷದ ಲೆಕ್ಕಕ್ಕೆ ಹದಿನೇಳು ರೂಪಾಯಿಯೂ ಬೀಳಲಿಲ್ಲ.

ಈ 333 ಯಾವ ಸರ್ಕಾರಿ ಕಾಗದದಲ್ಲೂ ಇಲ್ಲ, ನಾನು ಭಾಗಿಸಿ ತೆಗೆದದ್ದು. ಕಾಗದದಲ್ಲಿರುವುದು ಇಷ್ಟು. 3ಜಿ ತರಂಗಾಂತರಗಳ ಹರಾಜು 34 ದಿನ, 183 ಸುತ್ತು ನಡೆಯಿತು. ಕೊನೆಗೆ ಕರ್ನಾಟಕ ಸರ್ಕಲ್‌ನ, ಅಂದರೆ ಕರ್ನಾಟಕದ ಪರವಾನಗಿ ಕ್ಷೇತ್ರದ, ಒಂದು ತುಂಡು 1,579.91 ಕೋಟಿ ರೂಪಾಯಿಗೆ ನಿಂತಿತು. ತುಂಡು ಎಂದರೆ 2100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಟವರ್‌ನಿಂದ ಫೋನಿಗೆ 5 ಮೆಗಾಹರ್ಟ್ಸ್, ಫೋನಿನಿಂದ ಟವರ್‌ಗೆ 5 ಮೆಗಾಹರ್ಟ್ಸ್. ರಾಜ್ಯದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್, ಒಂದು ಚದರ ಕಿಲೋಮೀಟರಿಗೆ 247 ಎಕರೆ. ಭಾಗಿಸಿ ನೋಡಿ. ಇದೇ ಹರಾಜಿನಲ್ಲಿ ದೆಹಲಿಯ ಅಷ್ಟೇ ಅಗಲದ ತುಂಡು 3,316.93 ಕೋಟಿಗೆ ಹೋಯಿತು. ಸುತ್ತಲಿನ ಊರುಗಳನ್ನು ಬಿಟ್ಟು ದೆಹಲಿಯೊಂದನ್ನೇ ಹಿಡಿದರೆ ಇರುವುದು 1,483 ಚದರ ಕಿಲೋಮೀಟರ್. ಆ ಲೆಕ್ಕದಲ್ಲಿ ಎಕರೆ ಆಕಾಶಕ್ಕೆ ತೊಂಬತ್ತು ಸಾವಿರ ದಾಟಿತು!

ದೆಹಲಿ ದೂರದ ಮಾತು. ನನಗೆ ಇನ್ನೂ ವಿಚಿತ್ರವಾಗಿ ಕಾಣುವುದು ನಮ್ಮ ಹೆದ್ದಾರಿಯ ಮೇಲಿನ ಲೆಕ್ಕ. ಪುಣೆಯಿಂದ ಸೊಲ್ಲಾಪುರ, ಉಮರ್ಗಾ ಮೇಲೆ ಬರುವ ರಾಷ್ಟ್ರೀಯ ಹೆದ್ದಾರಿ 65 ಬಸವಕಲ್ಯಾಣದ ಮಗ್ಗುಲಲ್ಲಿ ಹಾದು, ಹುಮನಾಬಾದ್ ದಾಟಿ, ಜಹೀರಾಬಾದಿನ ಮೂಲಕ ಹೈದರಾಬಾದಿಗೆ ಇಳಿಯುತ್ತದೆ. ಉಮರ್ಗಾದಿಂದ ಜಹೀರಾಬಾದಿಗೆ ಹೆಚ್ಚೂಕಡಿಮೆ ನೂರು ಕಿಲೋಮೀಟರ್. ಈ ನೂರು ಕಿಲೋಮೀಟರಿನಲ್ಲಿ ಮೂರು ಪರವಾನಗಿ ಕ್ಷೇತ್ರಗಳು ಬರುತ್ತವೆ. ಮಹಾರಾಷ್ಟ್ರ ಸರ್ಕಲ್‌ನ ತುಂಡು 1,257.82 ಕೋಟಿಗೆ ಹೋಗಿತ್ತು, ಆಂಧ್ರದ್ದು 1,373.14 ಕೋಟಿಗೆ. ಮಹಾರಾಷ್ಟ್ರಕ್ಕೆ ಗೋವಾ ಸೇರಿಸಿ, ಮುಂಬೈ ಕಳೆದು, ಆಗಿನ ಅಖಂಡ ಆಂಧ್ರದ ವಿಸ್ತೀರ್ಣ ಹಿಡಿದು ಭಾಗಿಸಿದರೆ ಉಮರ್ಗಾದ ಹೊಲದ ಮೇಲೆ ಎಕರೆಗೆ 164 ರೂಪಾಯಿ, ಬಸವಕಲ್ಯಾಣದಲ್ಲಿ 333, ಜಹೀರಾಬಾದಿನಲ್ಲಿ 202. ಮಣ್ಣು ಒಂದೇ, ಬೆಳೆ ಒಂದೇ, ಮಳೆಯೂ ಒಂದೇ, ರೇಟು ಮಾತ್ರ ಮೂರು. ನಮ್ಮದೇ ದುಬಾರಿ ಆಗಲು ಕಾರಣ ಬಸವಕಲ್ಯಾಣದಲ್ಲಿ ಇಲ್ಲವೇ ಇಲ್ಲ. ಆರುನೂರು ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲಿದೆ. ಮುಂಬೈಯನ್ನು ಮಹಾರಾಷ್ಟ್ರದಿಂದ ಬೇರೆ ಮಾಡಿ ಪ್ರತ್ಯೇಕ ಸರ್ಕಲ್ ಮಾಡಿದ್ದಾರೆ. ಬೆಂಗಳೂರಿಗೆ ಹಾಗೆ ಮಾಡಲಿಲ್ಲ. ಹೀಗಾಗಿ ರಾಜಧಾನಿಯ ಗಿರಾಕಿಗಳನ್ನು ನೋಡಿ ಕೂಗಿದ ಬೆಲೆ ಬೀದರ್ ಜಿಲ್ಲೆಯ ಹೊಲಗಳ ಮೇಲೂ ಬಿತ್ತು.

ಈ ಗೆರೆಗಳನ್ನು ಯಾರು ಎಳೆದರು? ಟೆಲಿಕಾಂ ಇಲಾಖೆ ಹೊಸದಾಗಿ ಎಳೆಯಲಿಲ್ಲ. 1956ರ ನವೆಂಬರ್ 1ರವರೆಗೆ ಉಮರ್ಗಾ, ಹುಮನಾಬಾದ್, ಜಹೀರಾಬಾದ್ ಮೂರೂ ಹೈದರಾಬಾದ್ ರಾಜ್ಯದವು. ಅಂದು ಬೀದರ್ ಜಿಲ್ಲೆಯನ್ನೇ ಮೂರು ಪಾಲು ಮಾಡಿದರು: ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ, ನಾರಾಯಣಖೇಡ, ಜಹೀರಾಬಾದ್ ಕಡೆಯದು ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಮೊಬೈಲ್ ಪರವಾನಗಿ ಹಂಚುವ ಕಾಲಕ್ಕೆ ಭೂಮಿಯ ಅದೇ ಗೆರೆಗಳನ್ನು ಆಕಾಶಕ್ಕೂ ಎತ್ತಿ ನಿಲ್ಲಿಸಿದರು. 2014ರಲ್ಲಿ ತೆಲಂಗಾಣ ಬೇರೆಯಾಯಿತು, ಆದರೆ ಗಾಳಿಯ ನಕಾಶೆ ಬದಲಾಗಲಿಲ್ಲ. ಜಹೀರಾಬಾದ್ ಇವತ್ತಿಗೂ ಆಂಧ್ರಪ್ರದೇಶ ಸರ್ಕಲ್‌ನಲ್ಲೇ ಇದೆ.

2010ರಲ್ಲಿ ಗೆದ್ದವರ ಪಟ್ಟಿ ನೋಡಿದರೆ ತಮಾಷೆ ಇನ್ನೂ ಹೆಚ್ಚು. ಮಹಾರಾಷ್ಟ್ರದಲ್ಲಿ ಟಾಟಾ, ಐಡಿಯಾ, ವೊಡಾಫೋನ್. ಕರ್ನಾಟಕದಲ್ಲಿ ಟಾಟಾ, ಏರ್‌ಟೆಲ್, ಏರ್‌ಸೆಲ್. ಆಂಧ್ರದಲ್ಲಿ ಏರ್‌ಟೆಲ್, ಐಡಿಯಾ, ಏರ್‌ಸೆಲ್. ಮೂರರಲ್ಲೂ ಇರುವ ಒಂದು ಹೆಸರನ್ನು ಹುಡುಕಿ, ಸಿಗುವುದಿಲ್ಲ. ಸಾವಿರಾರು ಕೋಟಿ ಸುರಿದ ಮೇಲೂ ಒಂದು ಖಾಸಗಿ ಕಂಪನಿಯೂ ಈ ನೂರು ಕಿಲೋಮೀಟರ್ ರಸ್ತೆಯ ಉದ್ದಕ್ಕೂ ತನ್ನ ಸ್ವಂತ 3ಜಿ ತರಂಗಾಂತರದಲ್ಲಿ ಒಂದು ಲಾರಿಯನ್ನು ಹಿಂಬಾಲಿಸುವ ಹಾಗಿರಲಿಲ್ಲ. ಗಡಿಯ ಆಚೆ ಅದೇ ಕಂಪನಾಂಕ ಬೇರೊಬ್ಬರ ಕೈಯಲ್ಲಿದ್ದರೆ ಈಚಿನ ಟವರ್ ತನ್ನ ಅಲೆಯನ್ನು ಬೇಕಾದಷ್ಟು ಚೆಲ್ಲುವಂತಿಲ್ಲ. ಆಂಟೆನಾದ ಮುಖ ತಿರುಗಿಸಬೇಕು, ಕೆಳಕ್ಕೆ ಬಾಗಿಸಬೇಕು, ಶಕ್ತಿ ಇಳಿಸಬೇಕು. ಗಡಿ ಹಳ್ಳಿಗಳಲ್ಲಿ ಫೋನು ಒಮ್ಮೆ ಈ ರಾಜ್ಯ, ಒಮ್ಮೆ ಆ ರಾಜ್ಯ ಎನ್ನುವುದೂ ಇದೇ ಗೆರೆಯ ಕಾಟ.

ಈಗ ಎಕರೆ ಬಿಟ್ಟು ಹರ್ಟ್ಸ್‌ಗೆ ಬನ್ನಿ. ಸೆಕೆಂಡಿಗೆ ಒಂದು ಕಂಪನ ಎಂದರೆ ಒಂದು ಹರ್ಟ್ಸ್. ಎರಡೂ ದಿಕ್ಕಿನ ಐದೈದು ಮೆಗಾಹರ್ಟ್ಸ್ ಕೂಡಿದರೆ ಸರಿಯಾಗಿ ಒಂದು ಕೋಟಿ ಹರ್ಟ್ಸ್. ಹಾಗಾದರೆ ಕರ್ನಾಟಕದ ಒಂದೊಂದು ಹರ್ಟ್ಸ್‌ಗೆ ಬಿದ್ದದ್ದು 1,580 ರೂಪಾಯಿ.

ಈ ಅಳತೆಗೋಲನ್ನು ನಮ್ಮ ಹಳೆಯ ರೇಡಿಯೋಗೆ ಹಿಡಿದು ನೋಡೋಣ. ಕಲಬುರಗಿ ಆಕಾಶವಾಣಿ 1107 ಕಿಲೋಹರ್ಟ್ಸ್, ಧಾರವಾಡ 765, ಬೆಂಗಳೂರು 612, ಹೈದರಾಬಾದ್ 738. ಯಾವುದನ್ನೇ ಒಂಬತ್ತರಿಂದ ಭಾಗಿಸಿ, ಶೇಷ ಉಳಿಯುವುದಿಲ್ಲ. 1975ರಲ್ಲಿ ಜಿನೀವಾದಲ್ಲಿ ಕೂತು ಮಾಡಿದ ಒಪ್ಪಂದ 1978ರ ನವೆಂಬರ್ 23ರಂದು ಜಾರಿಗೆ ಬಂದಾಗ ಏಷ್ಯಾ, ಯೂರೋಪ್, ಆಫ್ರಿಕಾದ ಮಧ್ಯಮ ತರಂಗ ಕೇಂದ್ರಗಳೆಲ್ಲ ಒಂಬತ್ತರ ಮಗ್ಗಿಯೊಳಗೆ ಬಂದು ನಿಂತವು. ಕಲಬುರಗಿ ಕೇಂದ್ರಕ್ಕೆ ಸಿಕ್ಕಿದ್ದು ಒಂಬತ್ತು ಕಿಲೋಹರ್ಟ್ಸ್ ಅಗಲದ ಜಾಗ. 3ಜಿ ದರದಲ್ಲಿ ಅದರ ಬೆಲೆ ಒಂದು ಕೋಟಿ ನಲವತ್ತೆರಡು ಲಕ್ಷ. ಅಷ್ಟರಲ್ಲೇ ರೈತರ ಕಾರ್ಯಕ್ರಮ, ವಾರ್ತೆ, ತತ್ವಪದ ಎಲ್ಲ ಮುಗಿಯುತ್ತದೆ. 531ರಿಂದ 1602ರವರೆಗೆ ಇಡೀ ಮಧ್ಯಮ ತರಂಗದಲ್ಲಿ ಇಂಥ ಜಾಗ 120, ಒಟ್ಟು ಅಗಲ ಒಂದು ಮೆಗಾಹರ್ಟ್ಸ್ ಚಿಲ್ಲರೆ. ಮೂರು ಖಂಡಗಳ ಮಧ್ಯಮ ತರಂಗ ಕೇಂದ್ರಗಳೆಲ್ಲ ಕೂಡಿ ಹಿಡಿದಿರುವ ಅಗಲ ಒಂದು ಕಂಪನಿಯ ಒಂದು ದಿಕ್ಕಿನ ತುಂಡಿನಲ್ಲಿ ನಾಲ್ಕು ಸಲ ಕೂಡುತ್ತದೆ, ಇನ್ನೂ ಜಾಗ ಉಳಿಯುತ್ತದೆ.

ಇಷ್ಟು ದುಡ್ಡು ಕೊಟ್ಟು ಕೊಂಡ ಅಲೆ ಕೊನೆಗೆ ಎಷ್ಟು ತಲುಪುತ್ತದೆ? ಟವರ್‌ನ ಆಂಟೆನಾಕ್ಕೆ ಇಪ್ಪತ್ತು ವಾಟ್ ಕೊಟ್ಟೆವೆನ್ನಿ. ದೂರದ ಹೊಲದಲ್ಲಿ ನಿಂತವನ ಫೋನಿಗೆ ಸಿಗುವುದು ಒಂದು ವಾಟಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು. ಕೊಟ್ಟದ್ದಕ್ಕೂ ಸಿಕ್ಕಿದ್ದಕ್ಕೂ ಎರಡು ಕೋಟಿ ಕೋಟಿ ಪಟ್ಟು ಅಂತರ. ಅಷ್ಟರಲ್ಲೇ ಫೋನು ಮಾತು ಕೇಳಿಸಿಕೊಳ್ಳುತ್ತದೆ, ಹವಾಮಾನ ತೋರಿಸುತ್ತದೆ, ಹುಮನಾಬಾದ್ ಬಜಾರಿನ ಧಾರಣೆ ಹೇಳುತ್ತದೆ. ಆ ಶಕ್ತಿಯನ್ನು ಹಗಲೂ ರಾತ್ರಿ, ಒಂದು ಕ್ಷಣ ಬಿಡದೆ, ಇಡೀ ವರ್ಷ ಕೂಡಿಟ್ಟರೆ ಬಿಳಿಜೋಳದ ಒಂದು ಕಾಳನ್ನು ಒಂದು ಸೆಂಟಿಮೀಟರ್ ಮೇಲೆತ್ತಲು ಸಾಕಾದೀತು. ಟವರ್‌ನಿಂದ ತಲೆ ಸುಡುತ್ತದೆ ಎನ್ನುವವರಿಗೆ ನಾನು ಈ ಕಾಳಿನ ಲೆಕ್ಕ ಹೇಳುವುದುಂಟು. ಅವರೇನೂ ಒಪ್ಪುವುದಿಲ್ಲ.

2022ರ 5ಜಿ ಹರಾಜಿನ ಅಂಕಿಗಳು ಇದಕ್ಕಿಂತ ದೊಡ್ಡವು. ಏಳು ದಿನ, 40 ಸುತ್ತು, 1,50,173 ಕೋಟಿ ರೂಪಾಯಿ, ಮಾರಿದ್ದು 51,236 ಮೆಗಾಹರ್ಟ್ಸ್. ಈ ಕೊನೆಯ ಸಂಖ್ಯೆ ನಂಬಿ ಮೋಸಹೋಗಬಾರದು. ದೇಶದಲ್ಲಿ 22 ಸರ್ಕಲ್‌ಗಳಿವೆ, ಒಂದೇ ಮೆಗಾಹರ್ಟ್ಸ್ ಪ್ರತಿ ಸರ್ಕಲ್‌ನಲ್ಲೂ ಬೇರೆ ಬೇರೆ ಮಾರಾಟವಾಗಿ, ಲೆಕ್ಕದಲ್ಲಿ ಇಪ್ಪತ್ತೆರಡು ಆಗುತ್ತದೆ. ನಮ್ಮ ಹೆದ್ದಾರಿಯ ಮೇಲೆ ಒಂದೇ ಕಂಪನಾಂಕ ಮೂರು ಸಲ ಎಣಿಕೆಗೆ ಬಂದಿದೆ.

ಅದಕ್ಕಿಂತ ಕುತೂಹಲದ್ದು ಅಲೆಯುದ್ದದ ಬೆಲೆ. ಜಿಯೋ ಇಡೀ ದೇಶಕ್ಕೆ 700 ಮೆಗಾಹರ್ಟ್ಸ್‌ನಲ್ಲಿ ಎರಡು ದಿಕ್ಕಿಗೂ ಹತ್ತು ಹತ್ತು ಮೆಗಾಹರ್ಟ್ಸ್ ಕೊಂಡು ಕೊಟ್ಟದ್ದು 39,270 ಕೋಟಿ, ಹರ್ಟ್ಸ್‌ಗೆ 19,635 ರೂಪಾಯಿ. 2016ರ ಹರಾಜಿನಲ್ಲೂ 2021ರ ಹರಾಜಿನಲ್ಲೂ 700ರ ಈ ತರಂಗಪಟ್ಟಿಯನ್ನು ಯಾರೂ ಮುಟ್ಟಿರಲಿಲ್ಲ. 2022ರ ಅದೇ ಹರಾಜಿನಲ್ಲಿ 26 ಗಿಗಾಹರ್ಟ್ಸ್‌ನ ಒಂದು ಹರ್ಟ್ಸ್ ಇಡೀ ದೇಶಕ್ಕೆ ಎಪ್ಪತ್ತು ರೂಪಾಯಿಗೂ ಕಡಿಮೆ. 700ರ ಅಲೆ ಮೊಳದ ಹತ್ತಿರ ಉದ್ದ, 43 ಸೆಂಟಿಮೀಟರ್. ಊರು ದಾಟಿ ಹೊಲಕ್ಕೆ ಹೋಗುತ್ತದೆ, ಗೋಡೆಯೊಳಗೂ ನುಗ್ಗುತ್ತದೆ. 26ರ ಅಲೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಬೇವಿನ ಮರದ ಎಲೆಗಳೇ ಅದಕ್ಕೆ ಅಡ್ಡಿ, ಬಸವಕಲ್ಯಾಣದ ಕೋಟೆಗೋಡೆಯ ಮಾತು ಹಾಗಿರಲಿ. ಬೀದರ್ ಜಿಲ್ಲೆಯಂಥ ಹರಡಿದ ಊರುಗಳ ನಾಡಿಗೆ ಬೇಕಾದದ್ದು ಉದ್ದನೆಯ ಅಲೆ, ದುಬಾರಿ ಆಗಿರುವುದೂ ಅದೇ.

ಪುಕ್ಕಟೆ ಸಿಗುವುದೂ ಇದೆ. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ರೇಡಿಯೋ ಯಂತ್ರ ಇಟ್ಟುಕೊಳ್ಳುವುದೇ ತಪ್ಪಾಗಿತ್ತು. ಆದರೆ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಬಿಟ್ಟುಕೊಟ್ಟರು. ವೈಫೈ, ಬ್ಲೂಟೂತ್ ಓಡಾಡುವುದು ಅಲ್ಲೇ. ಆ 83.5 ಮೆಗಾಹರ್ಟ್ಸ್‌ಗೆ 2010ರ ದರ ಹಾಕಿದರೆ ಕರ್ನಾಟಕದ ಪಾಲಿಗೇ 13,193 ಕೋಟಿ ರೂಪಾಯಿ. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆ ಮಾತು ಅಕ್ಷರಶಃ ನಿಜವಾಗಿರುವ ಜಾಗಗಳಲ್ಲಿ ಇದೊಂದು.

2010ರ ಆ ತುಂಡುಗಳ ಅವಧಿ ಶುರುವಾದದ್ದು ಅದೇ ವರ್ಷದ ಸೆಪ್ಟೆಂಬರ್ 1ರಿಂದ. ಕರ್ನಾಟಕದಲ್ಲಿ ಗೆದ್ದ ಮೂವರಲ್ಲಿ ಏರ್‌ಸೆಲ್ 2018ರಲ್ಲಿ ದಿವಾಳಿ ಎದ್ದಿತು, ಟಾಟಾದ ಮೊಬೈಲ್ ವ್ಯವಹಾರ 2019ರಲ್ಲಿ ಏರ್‌ಟೆಲ್ ಪಾಲಾಯಿತು. ಕೊಂಡ ಹರ್ಟ್ಸ್ ಮಾತ್ರ ಸವೆಯಲೂ ಇಲ್ಲ, ಕರಗಲೂ ಇಲ್ಲ. ಇಪ್ಪತ್ತು ವರ್ಷ ಬಳಸಿದ ಮೇಲೂ ಕೊಂಡ ದಿನದಷ್ಟೇ ಹೊಸದು. 2030ರ ಆಗಸ್ಟಿಗೆ ಅವಧಿ ತೀರುತ್ತದೆ. ಆಮೇಲೆ ಉಮರ್ಗಾ, ಬಸವಕಲ್ಯಾಣ, ಜಹೀರಾಬಾದಿನ ಎಕರೆಗಳಿಗೆ ಮತ್ತೆ ಮೂರು ರೇಟು ಕೂಗಬೇಕು.