ಅಜ್ಜಿ ಓದಿಸದ ಪುಟಗಳು

1807ರಲ್ಲಿ ಲಂಡನ್ನಿನಲ್ಲಿ ಒಂದು ವಿಚಿತ್ರ ಬೈಬಲ್ ಅಚ್ಚಾಯಿತು. ಪ್ರಾಟೆಸ್ಟೆಂಟರ ಪೂರ್ಣ ಬೈಬಲ್‌ನಲ್ಲಿ 1,189 ಅಧ್ಯಾಯಗಳಿದ್ದರೆ ಇದರಲ್ಲಿದ್ದುದು 232 ಮಾತ್ರ. ಬ್ರಿಟಿಷರ ಹಿಡಿತದಲ್ಲಿದ್ದ ವೆಸ್ಟ್ ಇಂಡೀಸ್ ದ್ವೀಪಗಳ ಆಫ್ರಿಕನ್ ಗುಲಾಮರಿಗೆಂದೇ ಆಯ್ದು ಮಾಡಿದ ಪುಸ್ತಕ ಅದು.

ಕತ್ತರಿ ಎಲ್ಲಿ ಆಡಿತೆಂದು ನೋಡಿದರೆ ಆಯ್ದವರ ಮನಸ್ಸು ತಿಳಿಯುತ್ತದೆ. ಅಣ್ಣಂದಿರೇ ಮಾರಿಬಿಟ್ಟ ಯೋಸೇಫ ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ನಿಷ್ಠೆಯಿಂದ ದುಡಿದು ಮೇಲೆ ಬಂದ ಕಥೆ ಉಳಿಯಿತು. ಅದೇ ದೇಶದಲ್ಲಿ ದಾಸರಾಗಿದ್ದ ಇಸ್ರಾಯೇಲ್ಯರನ್ನು ಮೋಶೆ ಬಿಡಿಸಿಕೊಂಡು ಹೊರಟ ಕಥೆ ಮಾಯವಾಯಿತು. ದಾಸರು ದಣಿಗಳಿಗೆ ವಿಧೇಯರಾಗಿರಬೇಕೆಂಬ ಉಪದೇಶ ಉಳಿಯಿತು. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಎಂಬ ಭೇದವಿಲ್ಲವೆಂದು ಪೌಲ ಬರೆದದ್ದು ಹೋಯಿತು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇಷ್ಟು ಶ್ರಮವೂ ಬೇಕಿರಲಿಲ್ಲ. ಗುಲಾಮರಿಗೆ ಓದು ಕಲಿಸುವುದೇ ಹಲವೆಡೆ ಅಪರಾಧ! ಆದರೂ ಮೋಶೆಯ ಕಥೆ ಹಾಡಾಗಿ ಬಾಯಿಂದ ಬಾಯಿಗೆ ಹಬ್ಬಿತು. ಬಿಳಿಯರು ತಮ್ಮ ದೇಶವನ್ನು ಹೊಸ ಇಸ್ರಾಯೇಲ್ ಎಂದು ಬಣ್ಣಿಸಿದರೆ, ಗುಲಾಮರ ಕಣ್ಣಿಗೆ ಅದೇ ಐಗುಪ್ತ. ತಾನು ತಪ್ಪಿಸಿಕೊಂಡ ಮೇಲೂ ಮತ್ತೆ ಮತ್ತೆ ಹಿಂದಿರುಗಿ ಸುಮಾರು 70 ಮಂದಿಯನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್ಮನ್‌ಗೆ ಬಂದ ಹೆಸರೂ ಮೋಶೆ.

ಫ್ಲಾರಿಡಾದ ನ್ಯಾನ್ಸಿ ಆಂಬ್ರೋಸ್ ಎಂಬಾಕೆ ಹುಟ್ಟಿದ್ದೇ ಗುಲಾಮಳಾಗಿ. ಓದು ಬಾರದು. ಹಿರಿಯರಿಗೆ ಮೊಮ್ಮಕ್ಕಳು ಓದಿಹೇಳುವುದು ಎಲ್ಲ ಕಡೆಯೂ ಉಂಟಷ್ಟೆ. ಮೊಮ್ಮಗ ಹವರ್ಡ್ ಥರ್ಮನ್ ಬೈಬಲ್ ಓದುತ್ತಿದ್ದ, ಅಜ್ಜಿ ಕೇಳುತ್ತಿದ್ದಳು. ಆದರೆ ಪೌಲನ ಪತ್ರಿಕೆಗಳನ್ನು ಮಾತ್ರ ಓದಿಸುತ್ತಿರಲಿಲ್ಲ. ಕಾರಣ ಕೇಳುವ ಧೈರ್ಯ ಅವನಿಗೆ ಬಂದದ್ದು ಕಾಲೇಜು ಸೇರಿದ ಮೇಲೆ.

ದಣಿಯ ಪಾದ್ರಿ ಗುಲಾಮರೆದುರು ನಿಂತಾಗಲೆಲ್ಲ ಪೌಲನ ಮಾತನ್ನೇ ಎತ್ತಿಕೊಳ್ಳುತ್ತಿದ್ದ. ಗುಲಾಮರಾಗಿರುವುದು ದೇವರ ಇಚ್ಛೆ, ಒಳ್ಳೆಯ ಗುಲಾಮರಾದರೆ ದೇವರು ಮೆಚ್ಚುತ್ತಾನೆ ಎನ್ನುತ್ತಿದ್ದ. ಬಿಡುಗಡೆಯಾಗಿ ಓದು ಕಲಿತರೂ ಆ ಭಾಗವನ್ನು ಮುಟ್ಟುವುದಿಲ್ಲವೆಂದು ಆಕೆ ಅಂದೇ ಶಪಥ ಮಾಡಿದ್ದಳು.

ಆಯ್ಕೆಯೆಂದರೆ ಇದೂ ಆಯ್ಕೆಯೇ. ಆದರೆ ಲಂಡನ್ನಿನವರು ಆಯ್ದದ್ದು ಇತರರ ಪಾಲಿಗೆ. ಅಜ್ಜಿ ಆಯ್ದದ್ದು ತನ್ನ ಪಾಲಿಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೊಮ್ಮಗ ಮುಂದೆ ಹೆಸರಾಂತ ಧರ್ಮಚಿಂತಕರಾದರು. 1936ರಲ್ಲಿ ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡರು. ತುಳಿತಕ್ಕೊಳಗಾದವರಿಗೆ ಯೇಸು ಏನು ಹೇಳುತ್ತಾನೆಂದು ಕೇಳುವ ಪುಸ್ತಕವನ್ನು 1949ರಲ್ಲಿ ಪ್ರಕಟಿಸಿದರು. ಅಜ್ಜಿಯ ಕಥೆ ಬರುವುದು ಅದರಲ್ಲೇ. ಒಂದು ವಿನಾಯಿತಿಯನ್ನೂ ಅವರು ನೆನೆದಿದ್ದಾರೆ: ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೇ ಅಧ್ಯಾಯವನ್ನು ಅಜ್ಜಿ ಅಪರೂಪಕ್ಕೊಮ್ಮೆ ಓದಿಸುತ್ತಿದ್ದಳಂತೆ. ಅದು ಪ್ರೀತಿಯನ್ನು ಕುರಿತ ಅಧ್ಯಾಯ.