ಬಟ್ಟಲಲ್ಲಿ ಅನ್ನ, ಸಾರಲ್ಲಿ ಮೀನು!

ಮೊನ್ನೆ ಆಯಿ ಬೆಂಗಳೂರಿಗೆ ಬಂದಿದ್ದಳು. ನಮ್ಮದು ಯಲ್ಲಾಪುರ ತಾಲೂಕಿನ ಚಂದಗುಳಿ, ಗಂಟೆ ಗಣಪತಿಯ ಊರು. ಎರಡು ದಿನ ದರ್ಶಿನಿ ದೋಸೆ ತಿಂದವಳು ಮೂರನೇ ದಿನ, “ನೀ ಹೋಪಲ್ಲಿಗೇ ಕರ್ಕಂಡು ಹೋಗು” ಅಂದಳು. ಸರಿ, ಇಂದಿರಾನಗರದ ಪುಟ್ಟ ಜಪಾನಿ ಹೋಟೆಲಿಗೆ ಕರೆದೊಯ್ದೆ.

ಅಲ್ಲಿ ಸಿಗುವುದು ಡೊನ್‌ಬುರಿ. ಹಾಗಂದ್ರೆ ಆಳವಾದ ಬಟ್ಟಲು. ಬಿಸಿ ಅನ್ನ, ಅದರ ಮೇಲೆ ಪಲ್ಯವೋ ಮಾಂಸವೋ, ಜತೆಗೆ ಸಿಹಿ-ಉಪ್ಪಿನ ರಸ. ಜಪಾನಿನಲ್ಲಿ ಇದು ಅವಸರದವರ ಊಟ. ಅಲ್ಲಿನ ಹೆಸರುವಾಸಿ ಯೊಶಿನೋಯ ಶುರುವಾಗಿದ್ದು 1899ರಲ್ಲಿ, ಟೋಕಿಯೊದ ಮೀನು ಮಾರುಕಟ್ಟೆಯಲ್ಲಿ. ಮೆನುವಿನಲ್ಲಿ ‘ಒಯಾಕೊದೊನ್’ ಅಂತಿತ್ತು. ಹೆತ್ತವರು-ಮಕ್ಕಳ ಬಟ್ಟಲು ಅಂತ ಅರ್ಥ. ಕೋಳಿ ಮತ್ತು ಅದರ ಮೊಟ್ಟೆ! ಆಯಿಗೆ ಇದನ್ನು ವಿವರಿಸಲು ಹೋಗಲಿಲ್ಲ.

ನಾನು ಯಾವಾಗಲೂ ತಿನ್ನುವ ತೋಫು-ಅಣಬೆಯ ವೆಜ್ ಬೌಲ್ ಎರಡು ಹೇಳಿದೆ. ಆಯಿ ಅನ್ನ ಮುಟ್ಟಿ ನೋಡಿ, “ಅನ್ನ ಮುದ್ದೆ ಆಯ್ದಲಾ ತಮಾ?” ಅಂದಳು. ನಮ್ಮಲ್ಲಿ ಅದು ಅಡುಗೆಯವರ ತಪ್ಪು. ಅವರಲ್ಲಿ ಅದೇ ಗುಣ. ಗಿಡ್ಡ ಕಾಳಿನ ಅಂಟು ಅಕ್ಕಿ, ಕಡ್ಡಿಯಲ್ಲಿ ಎತ್ತಲು ಬರಬೇಕಲ್ಲ!

ಆಮೇಲೆ ರಸದ ವಾಸನೆ ನೋಡಿ, ಇದಕ್ಕೇನು ಹಾಕ್ತಾರೆ ಕೇಳು ಅಂದಳು. ಬಡಿಸುವ ಹುಡುಗ ಒಳಗೆ ಹೋಗಿ ಬಂದು ಹೇಳಿದ: “ದಾಶಿ ಸರ್.” ಕೊಂಬು ಎಂಬ ಒಣ ಸಮುದ್ರಪಾಚಿ ಮತ್ತು ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನಿನ ಚಕ್ಕೆ ಸೇರಿಸಿ ತೆಗೆದ ಸಾರು.

ಒಂದು ವರ್ಷದಿಂದ ಅದನ್ನೇ ‘ವೆಜ್’ ಅಂತ ತಿಂದವನು ನಾನು. ಆಯಿಯ ಮುಖ ನೋಡಲು ಧೈರ್ಯ ಬರಲಿಲ್ಲ. ಅವಳು ಬೈಯಲಿಲ್ಲ. ಬಟ್ಟಲು ಮೆಲ್ಲಗೆ ಸರಿಸಿ, “ನೀ ಕೇಳಿದ್ದಿಲ್ಲೆ, ಅವು ಹೇಳಿದ್ವಿಲ್ಲೆ” ಅಂದಳು. ಆಮೇಲೆ ಬರೀ ಅನ್ನ ತರಿಸಿ, ಎಳ್ಳು, ಉಪ್ಪು ಉದುರಿಸಿಕೊಂಡು ಉಂಡಳು.

ಹಾಗಂತ ಸಸ್ಯಾಹಾರಿಗಳು ಈ ಬಟ್ಟಲು ಬಿಡಬೇಕಿಲ್ಲ. ಬೌದ್ಧ ದೇವಾಲಯಗಳ ಅಡುಗೆಯಲ್ಲಿ ಮೀನಿಲ್ಲದೆ, ಕೊಂಬು ಮತ್ತು ಒಣ ಶಿಟಾಕೆ ಅಣಬೆಯಿಂದಲೇ ದಾಶಿ ಮಾಡುತ್ತಾರೆ. 1908ರಲ್ಲಿ ಕಿಕುನಾಯೆ ಇಕೆಡಾ ‘ಉಮಾಮಿ’ ರುಚಿಯ ಮೂಲ ಕಂಡುಕೊಂಡದ್ದೂ ಕೊಂಬುವಿನಲ್ಲೇ. ಆರ್ಡರ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ ಸಾಕು: ರಸದಲ್ಲಿ ಯಾವ ದಾಶಿ? ಮಿಸೊ ಸೂಪಿಗೆ ಯಾವುದು? ತೆಂಪುರಾ ಹಿಟ್ಟಿಗೆ ಮೊಟ್ಟೆ ಹಾಕಿದ್ದೀರಾ? ಮೀನು ತಿನ್ನುವವರಿಗೆ ಈ ತಲೆಬಿಸಿಯೇ ಇಲ್ಲ ಬಿಡಿ.

ಅವತ್ತು ರಾತ್ರಿ ಆಯಿ ಒಂದೆಲಗದ ತಂಬುಳಿ ಮಾಡಿದಳು. ನಾನು ಬಟ್ಟಲಲ್ಲೇ ಅನ್ನ ಹಾಕಿಕೊಂಡು ಮೇಲೆ ಸುರಿದುಕೊಂಡೆ. ಊರಿಗೆ ಹೋದ ಮೇಲೂ ದಿನಾ ಫೋನ್ ಮಾಡುತ್ತಾಳೆ. ಮೊದಲೆಲ್ಲ “ಊಟ ಆತಾ?” ಅಂತಿದ್ದಳು. ಈಗ, “ಕೇಳ್ಕಂಡು ಉಂಡ್ಯಾ?”